ಎರಡು ತುಟಿ ಕೂಡಿದಲ್ಲಿ

ಬೆಟಗೇರಿ
೧೩-೧೦-೨೦೨೩, ಶುಕ್ರವಾರ

ಮಿತ್ರರಾದ ಮಹಾದೇವಪ್ಪನವರಿಗೆ ಚನ್ನಬಸವಣ್ಣನ ಶರಣು.

ಮನೆಮಂದಿಯ ಕ್ಷೇಮವನ್ನು ಮೊದಲ ಸಾಲಿನಲ್ಲಿ ತಿಳಿಸದೆ ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ನಮ್ಮ ಮನೆಯವರು, ಮಂಜವ್ವನವರು, ಸೋಮವಾರ ಮುಂಜಾನೆ ಹೊರಗೆ ಹೋದವರು ಹಿಂದಿರುಗಿಲ್ಲ.

ಕೆಲಕಾಲದಿಂದ ಅವರನ್ನು ಮರೆವು ಆವರಿಸುತ್ತ ಬಂದಿರುವುದನ್ನು ನಿಮಗೆ ನಾನು ತಿಳಿಸಿರಲಿಲ್ಲ. ಮೊದಲು ಒಲೆಯ ಮೇಲಿನ ಹಾಲನ್ನು ಮರೆತರು, ಆಮೇಲೆ ಓಣಿಯವರ ಹೆಸರುಗಳನ್ನು, ಈಚೆಗೆ ಮಗ ವೀರುವನ್ನೇ 'ಯಾರಪಾ ನೀ?' ಎಂದು ಕೇಳತೊಡಗಿದ್ದರು. ನಮ್ಮ ಪತ್ರಗಳು ಹೊರಗಿನ ಜನರನ್ನು ಕಂಡು ಸಂತೋಷಪಡುವ ಜಗಲಿಯಂತಿದ್ದವು. ಒಳಮನೆಯ ದುಃಖವನ್ನು ಆ ಜಗಲಿಗೆ ತರಬಾರದೆಂದು ಮುಚ್ಚಿಟ್ಟೆ.

ಅವರು ಹೊರಟಾಗ ನಾನು ಇಷ್ಟಲಿಂಗಪೂಜೆಯಲ್ಲಿದ್ದೆ. ಕಣ್ಣು ತೆರೆದಾಗ ತಲೆಬಾಗಿಲು ತೆರೆದಿತ್ತು. ವೀರು ಗದಗ ಸ್ಟೇಶನ್, ಹುಬ್ಬಳ್ಳಿಯ ಆಸ್ಪತ್ರೆಗಳು, ಮಠಗಳ ದಾಸೋಹದ ಪಂಕ್ತಿಗಳು ಎಲ್ಲವನ್ನೂ ನೋಡಿ ಬಂದಿದ್ದಾನೆ. ಪೊಲೀಸರು ಭಾವಚಿತ್ರ ಪಡೆದಿದ್ದಾರೆ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೀಟಿನ ಹಣ ಕೇಳದ ಈ ಕಾಲದಲ್ಲಿ, ದಾರಿ ಮರೆತ ಮುದುಕಿಯನ್ನು ತಡೆದು ನಿಲ್ಲಿಸಬಹುದಾಗಿದ್ದ ಒಂದು ಪ್ರಶ್ನೆಯೂ ಇಲ್ಲವಾಗಿದೆ. ಎಲ್ಲಿಗಾದರೂ ಹೋಗಿರಬಹುದು. ಅವರಿಗೆ ಮೂರ್ಛೆರೋಗವುಂಟು. ದಿನವೂ ನುಂಗಬೇಕಾದ ಗುಳಿಗೆಗಳು ಇಲ್ಲಿ ಗೂಡಿನಲ್ಲಿಯೇ ಉಳಿದಿವೆ. ಅವಿಲ್ಲದೆ ಬಹುಕಾಲ ನಡೆಯದೆಂದು ವೈದ್ಯರು ಹೇಳುತ್ತಾರೆ.

ನೀವು ಅವರನ್ನು ನಮ್ಮ ಮದುವೆಯ ಹಂದರದಲ್ಲಿ, ಸೆರಗಿನ ಮರೆಯಲ್ಲಿ ಕಂಡದ್ದಷ್ಟೆ. ಆದ್ದರಿಂದ ಗುರುತು ಬರೆಯುತ್ತೇನೆ: ಹಸಿರು ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಎಡ ಮುಂಗೈ ಮೇಲೆ ಚೇಳಿನ ಹಚ್ಚೆ. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನನ್ನದು ಮೆಟ್ಟಿ ಹೋಗಿದ್ದಾರೆ. ನಿತ್ಯವೂ ಬಸ್ ನಿಲ್ದಾಣದಲ್ಲಿ ಕುಳಿತು ಬಂದುಹೋಗುವವರನ್ನು ನೋಡುವ ನೀವು, ಒಂದು ವೇಳೆ ಅಂಥವರು ಕಂಡರೆ, ದಯಮಾಡಿ ಕೈಬಿಡಬೇಡಿರಿ.

ಚನ್ನಬಸವಣ್ಣ

*

ಲಕ್ಷ್ಮೇಶ್ವರ
೧೪-೧೦-೨೦೨೩, ಮಹಾಲಯ ಅಮಾವಾಸ್ಯೆ

ಆತ್ಮೀಯ ಚನ್ನಬಸವಣ್ಣನವರೇ, ಶರಣು ಶರಣಾರ್ಥಿ.

ಸೋಮವಾರ ಸಂಜೆ ಆರಂಭಿಸಿದ ಪತ್ರವನ್ನು ಇಂದು ಮುಗಿಸುತ್ತಿದ್ದೇನೆ. ನಮಗೆ ಯಾರ ಅವಸರ? ಜೋಳದ ಹಿಟ್ಟು ನಾದಿದಷ್ಟೂ ರೊಟ್ಟಿ ಉಬ್ಬುವಂತೆ, ವಾಕ್ಯವೂ ನಾದಿದಷ್ಟೂ ಹದಗೊಳ್ಳುತ್ತದೆ. ಕಿವಿ ಹೋದ ಮೇಲೆ ನನಗೆ ಉಳಿದ ಎರಡು ಸುಖಗಳಲ್ಲಿ ಒಂದು ಇದು; ಇನ್ನೊಂದು, ಗುರುತಿಲ್ಲದವರ ತುಟಿಗಳನ್ನು ಓದುವುದು. ಗ್ರಂಥಾಲಯದಲ್ಲಿ ಒಂದು ಆಯುಷ್ಯ ಕಳೆದವನಿಗೆ ಈಗ ಬಸ್ ನಿಲ್ದಾಣವೇ ಗ್ರಂಥಾಲಯ.

ಸೋಮವಾರದ ಸ್ವಾರಸ್ಯ ಕೇಳಿರಿ. ಒಬ್ಬ ಅಜ್ಜಿ ಆಡು ಹಿಡಿದುಕೊಂಡು ಬಸ್ಸು ಹತ್ತಲು ಬಂದಳು. ಕಂಡಕ್ಟರ್ ದಸ್ತಗೀರಸಾಬ ಆಡಿಗೂ ಟಿಕೀಟು ಎಂದ. ಅವಳ ಬೊಚ್ಚು ಬಾಯಿಯ ಪ್ರತಿಯೊಂದು ಅಕ್ಷರವೂ ನನಗೆ ಸ್ಪಷ್ಟವಾಗಿತ್ತು:

"ಸರಕಾರ ಹೆಣಮಕ್ಕಳಿಗೆ ಫ್ರೀ ಮಾಡೇತಿ. ಇದು ಹೆಣ್ಣಾಡ ಐತಿ ನೋಡೋ, ಹಾಟ್ಯಾನ!"

"ಆತಬೇ ಯವ್ವಾ, ಅದರ ಆಧಾರ್ ಕಾರ್ಡ ತೋರ್ಸು, ಕಿಟಕಿ ಸೀಟ ಕೊಡ್ತೀನಿ!"

ನಿಲ್ದಾಣವೆಲ್ಲ ನಕ್ಕಿತು. ನನಗೆ ಸದ್ದಿಲ್ಲದ ನಗೆ; ಅದರ ಚೆಲುವೇ ಬೇರೆ.

ಆದರೆ ಆ ದಿನದ ರತ್ನ ಇನ್ನೊಬ್ಬಳು. ವಯಸ್ಸಾದ ಹೆಂಗಸು, ಹಸಿರು ಸೀರೆ, ಬಿಳಿಗೂದಲು ಬಿಚ್ಚಿತ್ತು. ಒಂದು ಕಾಲಲ್ಲಿ ಹೆಂಗಸರ ಸಣ್ಣ ಚಪ್ಪಲಿ, ಇನ್ನೊಂದರಲ್ಲಿ ಗಂಡಸಿನ ದೊಡ್ಡ ಚಪ್ಪಲಿ! ಇಬ್ಬರು ಮನುಷ್ಯರು ಒಂದೇ ದೇಹದಲ್ಲಿ ನಡೆದು ಬಂದಂತೆ ಕಂಡಳು. ನನ್ನ ಬೆಂಚಿನ ಮೇಲೆಯೇ ಕುಳಿತು ತನ್ನೊಳಗೇ ಆಡುತ್ತಿದ್ದ ಒಂದೇ ಮಾತನ್ನು ನಾನು ಓದಿದೆ: 'ಮನಿ... ಮನಿ...'. ಎಲ್ಲ ಪಯಣಿಗರ ಎಲ್ಲ ಮಾತುಗಳ ಸಾರ ಅದೊಂದೇ ಅಲ್ಲವೆ? ಯಾರು, ಯಾವೂರು ಎಂದು ನಾನು ಕೇಳಲಿಲ್ಲ. ಗುರುತಿಲ್ಲದವರನ್ನು ಹಾಗೆಯೇ ಬಿಡುವುದು ನೋಡುವವನ ಧರ್ಮವೆಂದು ನೀವೇ ಒಮ್ಮೆ ಬರೆದಿದ್ದಿರಿ. ಸ್ವಲ್ಪ ಹೊತ್ತಿನಲ್ಲಿ ಬಸ್ಸು ಹತ್ತಿ ಹೋದಳು. ಇಷ್ಟರಲ್ಲಿ ಮನೆ ಸೇರಿ, ಯಾರದೋ ಬಾಯಲ್ಲಿ ಚಪ್ಪಲಿಗಾಗಿ ಬೈಸಿಕೊಂಡಿರಬೇಕು.

ನಿಮ್ಮ ಕಡೆಯ ಅಪರಿಚಿತರ ವೃತ್ತಾಂತಕ್ಕೆ ಕಾಯುತ್ತೇನೆ.

ಮಹಾದೇವಪ್ಪ

*

ಬೆಟಗೇರಿ
೧೭-೧೦-೨೦೨೩

ಮಹಾದೇವಪ್ಪನವರೇ,

ನನ್ನ ಪತ್ರ ಕೈಸೇರುವ ಮೊದಲೇ ನೀವು ಬರೆದ ಪತ್ರ ನಿನ್ನೆ ಮಧ್ಯಾಹ್ನ ತಲುಪಿತು. ಅದನ್ನು ಓದಿ ವೀರು ನಿಮ್ಮ ಮೊಮ್ಮಗಳು ಸುಶ್ಮಿತಾಳಿಗೆ ಫೋನು ಮಾಡಿದ್ದು, ಅವಳು ಅದನ್ನು ನಿಮಗೆ ಬರೆದು ತೋರಿಸಿದ್ದು ನಿಮಗೆ ಗೊತ್ತೇ ಇದೆ. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಲಕ್ಷ್ಮೇಶ್ವರದಿಂದ ಮುಂದೆ ಅವರಿಗೆ 'ಮನೆ' ಎಂಬುದಿದ್ದರೆ ಅದು ಬಾಳೆಹೊಸೂರಿನ ತವರುಮನೆ. ನಿನ್ನೆಯೇ ಅಲ್ಲಿಗೆ ಹೋದೆವು. ಬಾವಿಗಳಲ್ಲಿ ಇಣುಕಿದೆವು, ಜೋಳದ ಹೊಲಗಳ ಬದುಗಳಲ್ಲಿ ಕೂಗುತ್ತ ನಡೆದೆವು. ಅವರ ತಮ್ಮ ಉಡಚಪ್ಪ ನನ್ನನ್ನು ತಡೆದು ಕಟ್ಟೆಯ ಮೇಲೆ ಕೂರಿಸಿದ.

"ಮಾವಾರ, ಅಕ್ಕ ಇಲ್ಲಿ ಬಂದಿದ್ರ ನಾ ಸುಮ್ನ ಕುಂಡಿರ್ತಿದ್ನೇನ್ರಿ? ನಿಮ್ಮ ಕಾಲ ನೋಡ್ಕೋರಿ, ನೆತ್ತರ ಸೋರಾಕತ್ತೇತಿ. ಪೈಲೇ ಎರಡ ತುತ್ತ ಉಣ್ರಿ."

"ಆಕಿ ಉಂಡಾಳೋ ಇಲ್ಲೋ ಗೊತ್ತಿಲ್ಲಪಾ."

"ನೀವ ಉಪಾಸ ಬಿದ್ರ ಆಕಿ ಹೊಟ್ಟಿ ತುಂಬತೈತೇನ್ರಿ?" ಎಂದು ಗದರಿಸಿ, ಆಮೇಲೆ ತಾನೇ ಅತ್ತ.

ಹಾಗಾದರೆ ಉಳಿದ ಮನೆ ಇದೊಂದೇ. ಶಿರಹಟ್ಟಿ, ಮುಂಡರಗಿಗಳ ಕಡೆಗೆ ಹುಡುಕಲು ಹೊರಟ ವೀರುವನ್ನು ನಾನೇ ತಡೆದೆ. 'ಮನಿ' ಎಂದವರು ಮನೆಗೇ ಬರುತ್ತಾರೆ. ಬಂದಾಗ ನಾವು ಇಲ್ಲದಿದ್ದರೆ ಮತ್ತೆ ಹೊರಟುಹೋದಾರು. ಬಾಗಿಲನ್ನು ಮುಚ್ಚಿಲ್ಲ. ಓಣಿಯಲ್ಲಿ ಹೆಜ್ಜೆಯ ಸಪ್ಪಳವಾದಾಗಲೆಲ್ಲ ಎದ್ದು ನಿಲ್ಲುತ್ತೇನೆ. ಎರಡು ಬಗೆಯ ಚಪ್ಪಲಿ ಮೆಟ್ಟಿದವರ ನಡಿಗೆಯ ಸಪ್ಪಳ ಹೇಗಿರುತ್ತದೆಂದು ಊಹಿಸುತ್ತ ಕೂರುತ್ತೇನೆ.

ನನಗೆ ತಿಳಿಸಿರಿ: ಯಾವ ಬಸ್ಸು? ಕೈ ನಡುಗುತ್ತಿತ್ತೆ? ನೀರು ಕೇಳಿದರೇ? ನೀವು ಸೋಮವಾರ ಕಂಡದ್ದನ್ನು ಶನಿವಾರದವರೆಗೆ ನಾದಿದಿರಿ, ಮಹಾದೇವಪ್ಪನವರೇ. ರೊಟ್ಟಿ ಬಹಳ ಚೆನ್ನಾಗಿ ಉಬ್ಬಿದೆ.

ಕೊನೆಯ ಮಾತು ಬರೆಯಬಾರದಿತ್ತು. ಹೊಡೆದುಹಾಕಲು ಮನಸ್ಸಾಗುತ್ತಿಲ್ಲ.

ಚನ್ನಬಸವಣ್ಣ

*

ಲಕ್ಷ್ಮೇಶ್ವರ
೨೦-೧೦-೨೦೨೩

ಚನ್ನಬಸವಣ್ಣನವರೇ,

ನೀವು ಹೊಡೆದುಹಾಕದ ಸಾಲನ್ನು ನಾನು ಅನೇಕ ಸಲ ಓದಿದೆ. ಅದು ನ್ಯಾಯವಾಗಿದೆ. ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುವ ಮೊದಲು ನಾನು ಆ ಪತ್ರದಲ್ಲಿ ಬಿಟ್ಟದ್ದನ್ನು ಬರೆಯಬೇಕು.

ಬೆಂಚಿನ ಮೇಲೆ ಆ ತಾಯಿಯವರು ಸುಮ್ಮನೆ ಕುಳಿತಿರಲಿಲ್ಲ. ನನ್ನ ಅಂಗಿಯ ತೋಳನ್ನು ಹಿಡಿದು ಜಗ್ಗಿದರು. ಮತ್ತೆ ಮತ್ತೆ ಆ ಮಾತನ್ನು ನನಗೇ ಹೇಳಿದರು. ಕಣ್ಣುಗಳು ತುಂಬಿದ್ದವು. ನಾನು ತೋಳು ಬಿಡಿಸಿಕೊಂಡು ಸ್ವಲ್ಪ ಸರಿದು ಕುಳಿತೆ. ದೂರದಿಂದ ಮುಖ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅಳುವನ್ನು ಪತ್ರದಿಂದ ಬಿಟ್ಟದ್ದು ಏಕೆಂದರೆ ಆಡಿನ ಹಾಸ್ಯದ ಮಗ್ಗುಲಲ್ಲಿ ಅದು ಹೊಂದುತ್ತಿರಲಿಲ್ಲ. ಇದನ್ನು ಬರೆಯುವಾಗ ನನ್ನ ಕೈ ನನಗೇ ಹೇಸಿಗೆಯಾಗಿದೆ.

ದಸ್ತಗೀರಸಾಬ ರಜೆಯಲ್ಲಿದ್ದವನು ಇಂದು ಬಂದ. ಹೋಗಿ ಕೇಳಿದೆ. ಅವನು ನನಗಾಗಿ ಯಾವಾಗಲೂ ನಿಧಾನವಾಗಿ ಬಾಯಿ ತೆರೆದು ಮಾತಾಡುತ್ತಾನೆ.

"ಹೌದ್ರಿ ಮುತ್ಯಾ, ಆ ತಾಯಿ ನನ್ನ ಬಸ್ಸಿನಾಗ ಮುಂಡರಗಿ ತನಕ ಬಂದ್ಳು. ಕಿಟಕಿಗೆ ಹಣಿ ಹಚ್ಚಿ ಕುಂತಾಕಿ ಪಿಟ್ ಅನ್ನಲಿಲ್ಲ. ಬಸ್ ನಿಂತ ಕೂಡ್ಲೆ ಇಳದು ಸರಸರ ಹೋದ್ಳು."

"ಯಾರು, ಎಲ್ಲಿಗೆ ಅಂತ ಒಂದ್ ಮಾತ ಕೇಳಬಾರದೇನಪಾ?"

ಅವನು ನನ್ನನ್ನೇ ನೋಡಿದ. "ಕೇಳಾವಿದ್ನಿ. ನೀವ ಬಂದ ಹೇಳಿದ್ರಲ್ರಿ, 'ಮನಿಗೆ ಹೊಂಟಾಳ, ಹತ್ತಿಸ್ಕೋ' ಅಂತ? ಗೊತ್ತಿದ್ದಾವರ ಹೇಳ್ಯಾರಂತ ನಾ ಬಾಯಿ ಮುಚ್ಕೊಂಡ್ನಿ."

ಅದೂ ನಿಜ. ಅದು ಯಾವೂರಿನ ಬಸ್ಸೆಂದು ನೋಡದೆ, ಮೆಟ್ಟಿಲಲ್ಲಿ ನಿಂತಿದ್ದ ಅವರನ್ನು ಕಂಡು ಹಾಗೆಂದವನು ನಾನೇ. ಮುಂಡರಗಿಯಲ್ಲಿ ನಿಮಗೆ ಬಳಗದವರ ಮನೆಯಿದ್ದರೆ ಕೂಡಲೇ ನೋಡಿರಿ. ಸುಶ್ಮಿತಾ ಈಗಲೇ ವೀರುವಿಗೆ ತಿಳಿಸುತ್ತಿದ್ದಾಳೆ.

ಮಹಾದೇವಪ್ಪ

*

ಮುಂಡರಗಿ
೨೨-೧೦-೨೦೨೩

ಇಲ್ಲಿ ನಮಗೆ ಯಾರ ಮನೆಯೂ ಇಲ್ಲ.

ಎರಡು ದಿನಗಳಿಂದ ಗೋಡೆಗಳಿಗೆ ಅವಳ ಚಿತ್ರ ಅಂಟಿಸುತ್ತಿದ್ದೇವೆ. ಒಂದು ಚಿತ್ರದ ಮೇಲೆ ಆಗಲೇ ಯಾರೋ ಪಾತ್ರೆ ಅಂಗಡಿಯ ಜಾಹೀರಾತು ಹಚ್ಚಿದ್ದಾರೆ. ಇಂದು ಒಂದು ಆಸ್ಪತ್ರೆಯಿಂದ ಕರೆ ಬಂತು. ರಸ್ತೆಯ ಬದಿಯಲ್ಲಿ ಸಿಕ್ಕ, ಗುರುತಿಲ್ಲದ ವೃದ್ಧೆ. ಬಿಳಿಯ ಬಟ್ಟೆಯಿಂದ ಮುಖ ಮುಚ್ಚಿದ್ದರು. ವೀರು ಹೊರಗೇ ಉಳಿದ. ನಾನು ಒಳಗೆ ಹೋಗಿ ಮುಖ ತೆರೆಯಲು ಹೇಳದೆ ಎಡ ಮುಂಗೈಯನ್ನು ನೋಡಿದೆ. ಚೇಳಿನ ಹಚ್ಚೆ ಇರಲಿಲ್ಲ. 'ಶಿವನೇ, ನೀನು ದೊಡ್ಡವನು' ಎಂದೆ. ಯಾರದೋ ಹೆಂಡತಿ ಸತ್ತುಬಿದ್ದಿರುವಾಗ, ಅವಳ ಕಾಲ ಬಳಿ ನಿಂತು, ದೇವರಿಗೆ ಕೃತಜ್ಞತೆ ಹೇಳಿದೆ. ಅಂದಿನಿಂದ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದರೆ ದೃಷ್ಟಿ ನಿಲ್ಲುತ್ತಿಲ್ಲ ಎಂದು ಬರೆಯಹೊರಟೆ. ಆದರೆ ಅದು ಇಂದೇ ನಡೆದದ್ದು. ದಿನಗಳ ಲೆಕ್ಕ ತಪ್ಪುತ್ತಿದೆ.

ನಾನೂ ಒಂದನ್ನು ಮುಚ್ಚಿಟ್ಟೆ. ಅವಳು ಹೊರಟಾಗ ನಾನು ಪೂಜೆಯಲ್ಲಿರಲಿಲ್ಲ. ನಿಮಗೆ ಪತ್ರ ಬರೆಯುತ್ತಿದ್ದೆ. ಗದಗ ಸ್ಟೇಶನ್ನಿನಲ್ಲಿ ಕಂಡ, ಪೇರಲಹಣ್ಣನ್ನು ಹೆಂಡತಿಗೆ ಒಂದೊಂದೇ ಹೋಳು ಮಾಡಿ ಕೊಡುತ್ತಿದ್ದ ಒಬ್ಬ ಮುದುಕನನ್ನು ಕುರಿತು. ಆ ವಾಕ್ಯ ಬಹಳ ಚೆನ್ನಾಗಿ ಬರುತ್ತಿತ್ತು. ಅವಳು ಬಾಗಿಲಲ್ಲಿ ನಿಂತು "ಬರ್ತೀನ್ರಿ" ಎಂದಳು. ನಾನು ತಲೆಯೆತ್ತದೆ "ಹೂಂ" ಎಂದೆ. ಪರರ ಹೆಂಡಿರನ್ನು ನೋಡಿ ಮೆಚ್ಚಲು ನನಗೆ ಕಣ್ಣಿತ್ತು.

ಇನ್ನು ನನಗೆ ಬರೆಯಬೇಡಿರಿ. ನಾನೂ ಬರೆಯುವುದಿಲ್ಲ.

ಚ.

*

ಲಕ್ಷ್ಮೇಶ್ವರ
೨೪-೧೦-೨೦೨೩, ವಿಜಯದಶಮಿ

ಚನ್ನಬಸವಣ್ಣನವರೇ,

ಇದು ನಾದದೆ ಬರೆದ ಪತ್ರ. ಸುಶ್ಮಿತಾ ವೀರುವಿಗೆ ಫೋನು ಹಚ್ಚಿದ್ದಾಳೆ. ಅವಳು ಮಾತಾಡುತ್ತಿರುವಾಗಲೇ, ಅವಳ ಮಗ್ಗುಲಲ್ಲಿ ಕುಳಿತು ಬರೆಯುತ್ತಿದ್ದೇನೆ.

ಈಗ ಸಂಜೆ ಸುಶ್ಮಿತಾಳ ಗೆಳತಿ ರೋಜಾ ಬನ್ನಿ ಕೊಡಲು ಬಂದಳು. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಾಗಿಲಲ್ಲಿಯೇ ಏನೋ ಹೇಳಿದಳು. 'ಮನಿ' ಎಂದು ಓದಿದೆ. "ಯಾರ ಮನಿಯವ್ವಾ?" ಎಂದೆ. ಹುಡುಗಿಯರಿಬ್ಬರೂ ಬಿದ್ದು ಬಿದ್ದು ನಕ್ಕರು.

"ಮನಿ ಅಲ್ಲೋ ಮುತ್ಯಾ! ಇದ ನೋಡು!" ಎಂದು ಕೈ ಮುಂದೆ ಚಾಚಿದಳು. ಅಂಗೈಯಲ್ಲಿ ಬನ್ನಿಯ ಎಲೆಗಳಿದ್ದವು. "ಬನ್ನಿ! ಬನ್ನಿ ತಗೊಂಡು ಬಂಗಾರದಂಗ ಇರೋಣು!"

ನಾನು ಎದ್ದು ಕನ್ನಡಿಯ ಮುಂದೆ ಹೋದೆ. ಮನಿ ಎಂದೆ, ಬನ್ನಿ ಎಂದೆ. ಎರಡು ಸಲವೂ ಕನ್ನಡಿಯಲ್ಲಿದ್ದ ಮುದುಕ ಒಂದೇ ಮಾತನ್ನು ಆಡಿದ. ಪ ಫ ಬ ಭ ಮ ಐದೂ ಓಷ್ಠ್ಯಗಳು, ಎರಡು ತುಟಿ ಕೂಡಿದಲ್ಲಿಯೇ ಹುಟ್ಟುವಂಥವು ಎಂದು ನೀವು ಒಂದು ಆಯುಷ್ಯ ಶಾಲೆಯಲ್ಲಿ ಕಲಿಸಿದಿರಿ. ಅವುಗಳನ್ನು ಬೇರೆ ಮಾಡುವ ನಾದವೆಲ್ಲ ಒಳಗಿನದು, ಕಿವಿಯ ಪಾಲಿನದು. ನನಗೆ ಕಂಡದ್ದು ತುಟಿ ಮಾತ್ರ. ಮುಚ್ಚಿ ತೆರೆದ ತುಟಿಗಳಲ್ಲಿ ನನಗೆ ಚೆಂದ ಕಂಡ ಶಬ್ದವನ್ನು ನಾನೇ ತುಂಬಿದೆ.

ತಾಯಿಯವರು 'ಮನಿ' ಎನ್ನಲಿಲ್ಲ. 'ಬನ್ನಿ' ಎಂದರು. ಅದರಿಂದ ನಿಮಗೆ ಏನಾದರೂ ಹೊಳೆಯುವುದೆ? ಇಷ್ಟು ತಡವಾದ ಮೇಲೆ, ಹೊಳೆದರೂ

ಸುಶ್ಮಿತಾ ನನ್ನ ಭುಜ ಅಲುಗಿಸುತ್ತಿದ್ದಾಳೆ. ನೀವು ಫೋನಿನಲ್ಲಿ 'ಡೋಣಿ, ಡೋಣಿ' ಎಂದು ಕೂಗುತ್ತಿದ್ದೀರೆಂದು ಬರೆದು ತೋರಿಸಿದಳು.

ಮಹಾದೇವಪ್ಪ

*

ಡೋಣಿ
೩೦-೧೦-೨೦೨೩

ಮಹಾದೇವಪ್ಪನವರಿಗೆ ಶರಣು.

ಬರೆಯಬೇಡಿರೆಂದ ನನ್ನ ಕಠೋರವಾದ ಮಾತು ನಿಮ್ಮನ್ನು ತಲುಪುವ ಮೊದಲೇ ನೀವು ಬರೆದದ್ದು ಶಿವಕೃಪೆ. ಅವಳು ಜೀವದಿಂದ ಸಿಕ್ಕಿದ್ದನ್ನು ವೀರು ತಿಳಿಸಿದ್ದಾನೆ. ಉಳಿದದ್ದನ್ನು ಅವನು ಹೇಳಿರಲಾರ.

ನನ್ನ ಮೊದಲ ನೌಕರಿ ಮುಂಡರಗಿ ತಾಲೂಕಿನ ಈ ಊರ ಶಾಲೆಯಲ್ಲಿ. ಮದುವೆಯಾದ ವರ್ಷವೇ ಅವಳನ್ನು ಇಲ್ಲಿಗೆ ಕರೆತಂದೆ. ಕಪ್ಪತಗುಡ್ಡದ ದಾರಿಯಲ್ಲಿ, ಊರು ಮುಗಿಯುವಲ್ಲಿ ಒಂದು ಬನ್ನಿಗಿಡ. ಅದರ ಎದುರಿನ ಒಂದಂಕಣದ ಮನೆಯಲ್ಲಿ ನಾವು ಸಂಸಾರ ಹೂಡಿದೆವು. ಊರವರು ಅದನ್ನು 'ಬನ್ನಿ' ಎಂದೇ ಕರೆಯುತ್ತಿದ್ದರು. 'ಮಾಸ್ತರು ಎಲ್ಲದಾರ?' 'ಬನ್ನ್ಯಾಗ ಅದಾರ.' ಅಲ್ಲಿ ಇದ್ದದ್ದು ಸ್ವಲ್ಪ ಕಾಲ. ನಾನು ಅದನ್ನು ಮರೆತಿದ್ದೆ. ಮರೆವಿನ ರೋಗ ಅವಳಿಗೆ ಎಂದು ಹೇಳುತ್ತಾರೆ.

ಆ ಮನೆಯಲ್ಲಿ ಈಗ ತಿಪ್ಪವ್ವ ಎಂಬವಳಿದ್ದಾಳೆ. ಗಿಡದ ಬುಡದಲ್ಲಿ ಬಿದ್ದಿದ್ದವಳನ್ನು ಒಳಗೆ ಕರೆದು, ಅಂಬಲಿ ಕುಡಿಸಿ, ಇಷ್ಟು ದಿನ ಕಾಪಾಡಿದವಳು. ಮೂರ್ಛೆ ಬಂದಾಗ ಕಲ್ಲಿಗೆ ಬಡಿದು ಮುಂದಿನ ಹಲ್ಲುಗಳು ಮುರಿದಿವೆ, ಎಡ ಮುಂಗೈ ಊದಿದೆ. "ಯಾರಿಗೂ ಯಾಕ ಹೇಳಲಿಲ್ಲ?" ಎಂದು ವೀರು ಸಿಟ್ಟಿನಿಂದ ಕೇಳಿದ್ದಕ್ಕೆ ತಿಪ್ಪವ್ವ ಸೊಂಟದ ಮೇಲೆ ಕೈಯಿಟ್ಟಳು.

"ಏನ್ ಹೇಳ್ಲಪಾ? ಊರ ಕೇಳಿದ್ರ ಬನ್ನಿ ಅಂತಾಳ. ಮಕ್ಕಳ ಕೇಳಿದ್ರ ಇನ್ನೂ ಆಗಿಲ್ಲ ಅಂತಾಳ. ಪೊಲೀಸನ ಕರಕೊಂಡ ಬಂದು ಗಂಡನ ಹೆಸರ ಕೇಳಿಸಿದ್ನಿ. ಸೆರಗ ಬಾಯಿಗಿಟ್ಕೊಂಡು, 'ಇಶ್ಶಿ, ನಾಚಿಕಿ ಇಲ್ಲೇನಬೇ ನಿನಗ? ಗಂಡನ ಹೆಸರ ಯಾರರ ಬಾಯಿಲೆ ಅಂತಾರೇನು?' ಅಂತ ನನಗ ಬೈದ್ಳು. ಪೊಲೀಸ ನಕ್ಕೋತ ಹೋದ."

ಮದುವೆಯ ದಿನ ನೀವೂ ಇದ್ದಿರಿ. ಒಡಪು ಕಟ್ಟಿ ಗಂಡನ ಹೆಸರು ಹೇಳೆಂದು ಹೆಂಗಸರೆಲ್ಲ ಕಾಡಿದರೂ ಇವಳು ತುಟಿ ತೆರೆಯದೆ ಎದ್ದು ಓಡಿದ್ದಳು. ಎಲ್ಲವನ್ನೂ ಮರೆತವಳು ಆ ಮರ್ಯಾದೆಯನ್ನು ಮರೆತಿಲ್ಲ. ಅದೊಂದನ್ನು ಮರೆತಿದ್ದರೆ ಎಂದೋ ಮನೆ ಸೇರುತ್ತಿದ್ದಳು.

ನಾನು ಓಡಿಹೋಗಿ ಕೈ ಹಿಡಿದೆ. ಕಿತ್ತುಕೊಂಡಳು. "ಯಾರ್ರಿ ನೀವು? ಗರತಿ ಕೈ ಹಿಡೀತೀರೇನ್ರಿ? ನಮ್ಮ ಮನಿಯವರು ಸಾಲಿಯಿಂದ ಬರೂ ಹೊತ್ತಾತು!" ವೀರು ಎತ್ತಿ ಕಾರಿನಲ್ಲಿ ಕೂರಿಸಲು ಹೋದಾಗ ಗಿಡವನ್ನು ತಬ್ಬಿಕೊಂಡು ಕಿರುಚಿದಳು, ಅಲ್ಲಿಯೇ ಮತ್ತೆ ಮೂರ್ಛೆ ಹೋದಳು. ಬಲವಂತದಿಂದ ಒಯ್ದರೆ ದಾರಿಯಲ್ಲಿಯೇ ಪ್ರಾಣಕ್ಕೆ ಎರವಾದೀತೆಂದು ವೈದ್ಯರು ಎಚ್ಚರಿಸಿದ್ದಾರೆ. ನನ್ನ ಕೈಯಿಂದ ಗುಳಿಗೆಯನ್ನೂ ಮುಟ್ಟುವುದಿಲ್ಲ. ತಿಪ್ಪವ್ವ ಬೆಲ್ಲದಲ್ಲಿಟ್ಟು ನುಂಗಿಸುತ್ತಾಳೆ. ಆದ್ದರಿಂದ ನಾನು ಇಲ್ಲಿಯೇ ಒಂದು ಕೋಣೆ ಹಿಡಿದಿದ್ದೇನೆ. ಮುಂಜಾನೆ ಬಂದು ಗಿಡದ ಆಚೆಯ ಕಟ್ಟೆಯ ಮೇಲೆ, ಅವಳು ಬೆದರದಷ್ಟು ದೂರದಲ್ಲಿ ಕೂರುತ್ತೇನೆ. ಅವಳು ಶಾಲೆಯ ದಾರಿಯನ್ನು ನೋಡುತ್ತಾಳೆ, ನಾನು ಅವಳನ್ನು ನೋಡುತ್ತೇನೆ. ಕಸ ಗುಡಿಸುವಾಗ ಅವಳು ಎಡಗೈಯನ್ನು ಬೆನ್ನಿಗಿಟ್ಟುಕೊಳ್ಳುತ್ತಾಳೆಂಬುದನ್ನು ನಾನು ಇಲ್ಲಿಗೆ ಬಂದ ಮೇಲೆ ತಿಳಿದೆ.

ನಿನ್ನೆ ಅವಳೇ ನನ್ನ ಬಳಿ ಬಂದಳು. ಸೆರಗು ಸರಿಪಡಿಸಿಕೊಂಡು ದೂರ ನಿಂತಳು.

"ದಿನಾ ಬಂದ ಕುಂಡಿರ್ತೀರಿ. ಯಾವೂರಾವರ್ರಿ?"

"ಬೆಟಗೇರಿ."

"ಹೆಸರೇನ್ರಿ?"

ಹೇಳಿದೆ. ಅವಳ ಮುಖವನ್ನೇ ನೋಡುತ್ತಿದ್ದೆ. ನಾಚಲಿಲ್ಲ. ಸೆರಗು ಬಾಯಿಗೆ ಹೋಗಲಿಲ್ಲ.

"ಚನ್ನಬಸವಣ್ಣ," ಎಂದಳು. "ಚಲೋ ಹೆಸರೈತ್ರಿ."

ಇಡೀ ದಾಂಪತ್ಯದಲ್ಲಿ ಅವಳ ಬಾಯಿಂದ ನನ್ನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಅವಳಿಗೆ ಯಾರೂ ಅಲ್ಲವಾದ್ದರಿಂದ ಅವಳು ಅದನ್ನು ಆಡಬಲ್ಲವಳಾದಳು. ನಾನು ಕಟ್ಟೆಯ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಇನ್ನೊಮ್ಮಿ ಹೇಳವಾ," ಎಂದೆ.

"ಯಾಕ್ರಿ, ಕಿವಿ ಕೇಳಂಗಿಲ್ಲೇನು?"

"ಕೇಳಂಗಿಲ್ಲ," ಎಂದು ಸುಳ್ಳು ಹೇಳಿದೆ.

ಅವಳಿಗೆ ಕನಿಕರವಾಯಿತು. ಒಂದು ಹೆಜ್ಜೆ ಮುಂದೆ ಬಂದು, ಮುಂದಿನ ಹಲ್ಲಿಲ್ಲದ ಬಾಯನ್ನು ಅಗಲವಾಗಿ ತೆರೆದು, ಇಡೀ ಓಣಿಗೆ ಕೇಳುವಂತೆ ನನ್ನ ಹೆಸರನ್ನು ಕೂಗಿದಳು.

ಚನ್ನಬಸವಣ್ಣ